ಮೊದಲ ಹೆಜ್ಜೆ ಯಾರು ಇಡಬೇಕು? ಹೆಣ್ಣು-ಗಂಡು ಸಮಾನತೆಯ ಕಾನೂನು ಓದುವ ಒಂದು ಬಗೆ

ಲಿಂಗ ಸಮಾನತೆಯ ಪಾಠ ಬಂತೆಂದರೆ ನಮ್ಮೆಲ್ಲರ ನೋಟ್ಸಿನಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. 1961 ವರದಕ್ಷಿಣೆ ನಿಷೇಧ, 1976 ಸಮಾನ ವೇತನ, 1994 ಭ್ರೂಣಲಿಂಗ ಪತ್ತೆ ತಡೆ, 2005 ಕೌಟುಂಬಿಕ ದೌರ್ಜನ್ಯ, 2013 ಕೆಲಸದ ಜಾಗದ ಲೈಂಗಿಕ ಕಿರುಕುಳ. ಕೊಪ್ಪಳದಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಕೆಎಎಸ್, ಪದವಿ ಪರೀಕ್ಷೆ ಅಂತ ಓದುತ್ತಿರುವ ನಾವೆಲ್ಲ ಇದನ್ನು ಬಾಯಿಪಾಠ ಮಾಡಿಕೊಂಡಿದ್ದೇವೆ. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ "ಕಾನೂನುಗಳಿದ್ದರೂ ಸಮಾನತೆ ಏಕೆ ಬಂದಿಲ್ಲ? ಚರ್ಚಿಸಿ" ಎಂದು ಹತ್ತು ಅಂಕಕ್ಕೆ ಕೇಳಿದರೆ ಹೆಚ್ಚಿನವರು "ಜಾಗೃತಿ ಕಡಿಮೆ, ಶಿಕ್ಷಣ ಕಡಿಮೆ" ಎಂದು ಬರೆದು ಮುಗಿಸುತ್ತಾರೆ. ಅದು ಸುಳ್ಳಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಹೆಣ್ಣುಮಕ್ಕಳ ಸಾಕ್ಷರತೆ ನೂರಕ್ಕೆ 68ರಷ್ಟಿತ್ತು, ರಾಯಚೂರು ಜಿಲ್ಲೆಯಲ್ಲಿ ಸುಮಾರು 49. ಆದರೂ ಅಷ್ಟಕ್ಕೇ ನಿಲ್ಲಿಸಿದರೆ ತಪ್ಪೆಲ್ಲ ಹೆಣ್ಣುಮಕ್ಕಳದೇ ಎಂದು ಹೇಳಿದಂತಾಗುತ್ತದೆ. ಅದನ್ನು ನಾನು ಒಪ್ಪುವುದಿಲ್ಲ.

ಹಾಗಾಗಿ ಈ ಟಿಪ್ಪಣಿಯಲ್ಲಿ ಪ್ರತಿ ಕಾನೂನಿಗೂ ಒಂದೇ ಪ್ರಶ್ನೆ ಹಾಕೋಣ: ಇಲ್ಲಿ ಮೊದಲ ಹೆಜ್ಜೆ ಯಾರು ಇಡಬೇಕು? ಹೆಣ್ಣುಮಗಳೇ ಎದ್ದು ಬಂದು ಕೇಳಬೇಕಾ? ಇಲ್ಲಾ, ಅವಳು ಬಾಯಿ ಬಿಡದಿದ್ದರೂ ಸರ್ಕಾರವೇ ಮಾಡಬೇಕಾ? ಈ ಪ್ರಶ್ನೆ ಕೈಯಲ್ಲಿದ್ದರೆ ಯಾವ ಕಾನೂನು ನಮ್ಮ ಊರಿನವರೆಗೆ ಬಂದಿದೆ, ಯಾವುದು ಪುಸ್ತಕದಲ್ಲೇ ಉಳಿದಿದೆ ಎಂಬುದು ಬೇಗ ತಿಳಿಯುತ್ತದೆ.

ಸಂವಿಧಾನ: ಬುನಾದಿ

14ನೇ ವಿಧಿ ಎಲ್ಲರೂ ಕಾನೂನಿನ ಮುಂದೆ ಸಮಾನರು ಎನ್ನುತ್ತದೆ. 15(1) ಲಿಂಗದ ಕಾರಣಕ್ಕೆ ಸರ್ಕಾರ ಭೇದ ಮಾಡಬಾರದು ಎನ್ನುತ್ತದೆ. 16(2) ಸರ್ಕಾರಿ ನೌಕರಿಯಲ್ಲಿ ಅದನ್ನೇ ಹೇಳುತ್ತದೆ. 39(ಡಿ) ಸಮಾನ ಕೆಲಸಕ್ಕೆ ಸಮಾನ ವೇತನ, 42 ಹೆರಿಗೆ ನೆರವು. 51ಎ(ಇ) ಹೆಣ್ಣಿನ ಘನತೆಗೆ ಕುಂದು ತರುವ ಪದ್ಧತಿಗಳನ್ನು ಬಿಡುವುದು ಪ್ರಜೆಗಳ ಕರ್ತವ್ಯ ಎನ್ನುತ್ತದೆ. ಇವು ಎಲ್ಲ ಗೈಡುಗಳಲ್ಲೂ ಇವೆ, ಬೇಗ ದಾಟೋಣ.

ನಿಂತು ನೋಡಬೇಕಾದದ್ದು 15(3). ಮಹಿಳೆಯರಿಗೂ ಮಕ್ಕಳಿಗೂ ರಾಜ್ಯ ವಿಶೇಷ ಏರ್ಪಾಡು ಮಾಡಬಹುದು ಎಂಬ ಸಣ್ಣ ಸಾಲು ಅದು. "ಸಮಾನತೆ ಅಂದಮೇಲೆ ಮೀಸಲಾತಿ ಯಾಕೆ?" ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಆಂಧ್ರಪ್ರದೇಶ ಸರ್ಕಾರದ ನೌಕರಿಯಲ್ಲಿ ಮಹಿಳೆಯರಿಗೆ ಶೇ 30 ಮೀಸಲು ಕೊಟ್ಟಿದ್ದನ್ನು 1995ರಲ್ಲಿ ಸುಪ್ರೀಂ ಕೋರ್ಟ್ ವಿಜಯಕುಮಾರ್ ಪ್ರಕರಣದಲ್ಲಿ ಎತ್ತಿ ಹಿಡಿದಾಗ ಇದೇ ವಿಧಿ ಆಧಾರ. ನಮ್ಮ ರಾಜ್ಯದ ನೇರ ನೇಮಕಾತಿಯಲ್ಲಿ ಮಹಿಳೆಯರಿಗಿರುವ ಶೇ 33 ಮೀಸಲಿಗೂ ಅದೇ ಬುನಾದಿ.

ಸಮಾನತೆ ಬರೆದಿಟ್ಟ ಮಾತ್ರಕ್ಕೆ ಸರ್ಕಾರವೂ ಪಾಲಿಸಿರಲಿಲ್ಲ ಎಂಬುದಕ್ಕೆ ಒಂದು ಉದಾಹರಣೆ ನೆನಪಿಡಿ. ಕೊಡಗಿನ ಸಿ.ಬಿ. ಮುತ್ತಮ್ಮ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆಗಿನ ನಿಯಮದ ಪ್ರಕಾರ ಮಹಿಳಾ ಅಧಿಕಾರಿ ಮದುವೆಯಾಗಲು ಸರ್ಕಾರದ ಒಪ್ಪಿಗೆ ಬೇಕಿತ್ತು. ಗಂಡಸರಿಗೆ ಆ ನಿಯಮ ಇರಲಿಲ್ಲ. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ಕೋರ್ಟು ಇಂಥ ನಿಯಮಗಳನ್ನು ಕಟುವಾಗಿ ಟೀಕಿಸಿತು. ಸಂವಿಧಾನ ಜಾರಿಯಾಗಿ ಆಗ ಮೂವತ್ತು ವರ್ಷವಾಗುತ್ತಾ ಬಂದಿತ್ತು. ಮೊದಲ ಹೆಜ್ಜೆ ಇಟ್ಟವರು ಮುತ್ತಮ್ಮನವರೇ.

ಆಸ್ತಿ: ಹಕ್ಕು ಇದೆ, ಕೇಳುವವರಿಲ್ಲ

ಈ ಭಾಗವನ್ನು ನಿಧಾನವಾಗಿ ಓದಿ. ನಮ್ಮ ಕಡೆ ಹೆಣ್ಣುಮಕ್ಕಳು ಜಾಸ್ತಿ ಕಳೆದುಕೊಳ್ಳುವುದು ಇಲ್ಲೇ.

1933ರಲ್ಲೇ ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕಿಗೆ ಒಂದು ಕಾಯ್ದೆ ಮಾಡಿತ್ತು. ವಿಧವೆಗೆ, ತಾಯಿಗೆ, ಮದುವೆಯಾಗದ ಮಗಳಿಗೆ ಪಾಲಿನ ವಿಚಾರ ಅದರಲ್ಲಿತ್ತು. ಆದರೆ ಆಗ ರಾಯಚೂರು, ಕೊಪ್ಪಳ ನಿಜಾಮರ ಆಡಳಿತದಲ್ಲಿದ್ದವು, ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆ ಕಾಯ್ದೆ ನಮ್ಮನ್ನು ಮುಟ್ಟಲಿಲ್ಲ. ಸ್ವಾತಂತ್ರ್ಯದ ನಂತರ ಹಿಂದೂ ಸಂಹಿತೆ ಮಸೂದೆ ಮುಂದೆ ಸಾಗದೇ ಹೋದದ್ದು 1951ರಲ್ಲಿ ಡಾ. ಅಂಬೇಡ್ಕರ್ ಕೇಂದ್ರ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟದ್ದಕ್ಕೆ ಒಂದು ಮುಖ್ಯ ಕಾರಣ. ಕೊನೆಗೆ 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು.

ಇಲ್ಲಿ ಎರಡು ಬಗೆಯ ಆಸ್ತಿ ಬೇರೆ ಮಾಡಿಕೊಳ್ಳಬೇಕು. ಅಪ್ಪ ದುಡಿದು ಮಾಡಿದ ಸ್ವಂತ ಆಸ್ತಿ ಒಂದು. ಅಪ್ಪ ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಅದರಲ್ಲಿ ಸಮಪಾಲು. ಇದು 1956ರಿಂದಲೇ ಇದೆ. 2005ರಲ್ಲಿ ಬಂದದ್ದು ಎಂದು ಬಹಳ ಜನ ತಪ್ಪು ಬರೆಯುತ್ತಾರೆ. ಉಯಿಲು ಬರೆದಿದ್ದರೆ ಮಾತ್ರ ಅವರು ಬರೆದವರಿಗೆ ಹೋಗುತ್ತದೆ.

ಇನ್ನೊಂದು ಪಿತ್ರಾರ್ಜಿತ ಕೂಡು ಕುಟುಂಬದ ಆಸ್ತಿ. ಇದರಲ್ಲಿ 1956ರ ಕಾಯ್ದೆ ಮಗನಿಗೆ ಮಾತ್ರ ಹುಟ್ಟಿನಿಂದ ಹಕ್ಕು ಕೊಟ್ಟಿತ್ತು. ಕರ್ನಾಟಕ ತನ್ನದೇ ತಿದ್ದುಪಡಿ ಮಾಡಿ 1994ರ ಜುಲೈ 30ರಿಂದ ಮಗಳಿಗೂ ಆ ಹಕ್ಕು ಕೊಟ್ಟಿತು. ಆದರೆ ಆ ದಿನಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದಮೇಲೆ ಮದುವೆಯಾದ ಮಗಳು, ಆಗದ ಮಗಳು ಎಂಬ ಭೇದ ಹೋಯಿತು. ಮಗನಿಗೆ ಎಷ್ಟೋ ಮಗಳಿಗೂ ಅಷ್ಟೇ, ಹಕ್ಕೂ ಅಷ್ಟೇ, ಸಾಲದ ಹೊಣೆಯೂ ಅಷ್ಟೇ.

ಆದರೂ ಒಂದು ಗೊಂದಲ ಉಳಿಯಿತು. 2005ಕ್ಕೆ ಮುಂಚೆ ಅಪ್ಪ ತೀರಿಕೊಂಡಿದ್ದರೆ? ಕರ್ನಾಟಕದಿಂದಲೇ ಹೋದ ಎರಡು ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟಿನ ಎರಡು ಪೀಠಗಳ ಮಾತು ಒಂದಕ್ಕೊಂದು ಹೊಂದಲಿಲ್ಲ. 2015ರ ಫುಲಾವತಿ ಪ್ರಕರಣದಲ್ಲಿ ತಿದ್ದುಪಡಿ ಜಾರಿಯಾದ ದಿನ ಅಪ್ಪ ಬದುಕಿರಬೇಕು ಎಂದರು. 2018ರ ದಾನಮ್ಮ ಪ್ರಕರಣದಲ್ಲಿ ಅಪ್ಪ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಇತ್ಯರ್ಥ ಮಾಡಿತು: ಹಕ್ಕು ಹುಟ್ಟಿನಿಂದ ಬರುವುದು, ಹಾಗಾಗಿ ಅಪ್ಪ ಆ ದಿನ ಬದುಕಿರಬೇಕಾಗಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮಬದ್ಧವಾಗಿ ಆಗಿಹೋದ ಪಾಲು, ಮಾರಾಟಗಳನ್ನು ಮಾತ್ರ ಕೆದಕುವಂತಿಲ್ಲ. ಈ ದಿನಾಂಕಗಳನ್ನು ಪರೀಕ್ಷೆಯಲ್ಲಿ ಅದಲುಬದಲು ಮಾಡಿ ಕೇಳುತ್ತಾರೆ, ಹುಷಾರು.

ಈಗ ನಮ್ಮ ಪ್ರಶ್ನೆ ಹಾಕಿ. ಮೊದಲ ಹೆಜ್ಜೆ ಯಾರದು? ಪೂರ್ತಿಯಾಗಿ ಮಗಳದು, ಅದೂ ಅಣ್ಣತಮ್ಮಂದಿರ ಎದುರಿಗೆ. ಯಲಬುರ್ಗಾ, ಕುಷ್ಟಗಿ ಕಡೆಯ ಒಣಬೇಸಾಯದ ಹೊಲ ಇರಲಿ, ಗಂಗಾವತಿ, ಸಿಂಧನೂರಿನ ನೀರಾವರಿ ಗದ್ದೆ ಇರಲಿ, ನಡೆಯುವುದು ಒಂದೇ ರೀತಿ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ, ಅಂದರೆ ಅವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕುತ್ತಾರೆ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬರುತ್ತದೆ. ಆಮೇಲೆ "ಬಾ ತಂಗಿ, ಒಂದು ಸಹಿ ಹಾಕಿ ಹೋಗು" ಎಂದು ಕರೆಯುತ್ತಾರೆ. ಅದು ಹಕ್ಕು ಬಿಡುಗಡೆ ಪತ್ರ. ಉಪನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು, ಸೀರೆ ಕುಬುಸ ಕೊಟ್ಟು, ಊಟ ಹಾಕಿ ಕಳಿಸುತ್ತಾರೆ.

ಅವಳಿಗೆ ತಿಳಿಯದೆ ಸಹಿ ಹಾಕುತ್ತಾಳೆ ಎಂದು ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ತಿಳಿದೇ ಹಾಕುತ್ತಾಳೆ. ನಮ್ಮ ಓದುವ ಗುಂಪಿನಲ್ಲಿ ಇದೇ ವಿಷಯ ಬಂದಾಗ ಒಬ್ಬ ಅಕ್ಕ ಹೇಳಿದ ಮಾತು ಇದು: "ಎರಡು ಎಕರೆ ಇಸ್ಕೊಂಡ್ರ ಪಂಚಮಿಗೆ ಕರಿಯೋರು ಯಾರವ್ವ? ನಾಳೆ ಗಂಡನ ಮನ್ಯಾಗ ಏನರ ಆದ್ರ ಎಲ್ಲಿಗೆ ಹೋಗ್ಲಿ?" ಅವಳ ಲೆಕ್ಕ ಸರಿಯಾಗಿಯೇ ಇದೆ. ಗಂಡನ ಮನೆಯಲ್ಲಿ ಅವಳ ಹೆಸರಿಗೆ ಏನೂ ಇಲ್ಲ. ಹೀಗಿರುವಾಗ ತವರಿನ ಬಾಗಿಲೊಂದನ್ನಾದರೂ ತೆರೆದಿಟ್ಟುಕೊಳ್ಳಲು ಅವಳು ಕೊಡುವ ಬೆಲೆ ಆ ಸಹಿ. ಕಾನೂನು ಅವಳಿಗೆ ಹಕ್ಕು ಕೊಟ್ಟಿತು, ಹಕ್ಕು ಕೇಳಿದರೆ ಆಗುವ ನಷ್ಟದ ಬಗ್ಗೆ ಏನೂ ಹೇಳಲಿಲ್ಲ. ಉತ್ತರ ಬರೆಯುವಾಗ "ಅರಿವಿನ ಕೊರತೆ" ಎನ್ನುವ ಬದಲು ಇದನ್ನು ಬರೆಯಿರಿ.

ಏನು ಮಾಡಬಹುದಿತ್ತು? ನನಗನ್ನಿಸುವುದು ಇಷ್ಟು. ಪೌತಿ ಖಾತೆ ಮಾಡುವಾಗ ಎಲ್ಲ ವಾರಸುದಾರರ ಹೆಸರೂ ತಾನಾಗಿಯೇ ಪಹಣಿಗೆ ಹೋಗಬೇಕು. ಹಕ್ಕು ಬಿಡುವ ಪತ್ರಕ್ಕೆ ಒಂದಿಷ್ಟು ಕಾಲ ತಡೆ ಇರಬೇಕು. ಸಹಿ ಹಾಕುವ ಮುಂಚೆ ಕಾನೂನು ನೆರವಿನ ವಕೀಲರು ಅವಳೊಬ್ಬಳನ್ನೇ ಕೂರಿಸಿಕೊಂಡು ವಿವರಿಸಬೇಕು. ಆಗ ಮೊದಲ ಹೆಜ್ಜೆ ಅವಳ ಹೆಗಲಿನಿಂದ ಕಚೇರಿಯ ಮೇಲೆ ಬೀಳುತ್ತದೆ. ಒಂದು ಎಚ್ಚರಿಕೆ: ಪಹಣಿಯಲ್ಲಿ ಹೆಸರು ಇಲ್ಲದಿದ್ದರೆ ಹಕ್ಕೇ ಹೋಯಿತು ಎಂದಲ್ಲ. ಪಹಣಿ ಕಂದಾಯದ ದಾಖಲೆ. ಪಾಲಿನ ದಾವೆಯನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟು.

ಈ ಕಾಯ್ದೆ ಯಾರಿಗೆ ಅನ್ವಯ?

ಗೈಡುಗಳು ಬಿಡುವ, ಆದರೆ ಕೊಪ್ಪಳ, ರಾಯಚೂರು, ಬಳ್ಳಾರಿ ಈ ನಮ್ಮ ಮೂರು ಜಿಲ್ಲೆಗಳಿಗೆ ತೀರಾ ಬೇಕಾದ ವಿಷಯ ಇದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2ನೇ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂದು ಹೆಸರು ಹಿಡಿದೇ ಬರೆದಿದೆ. ಬೌದ್ಧರು, ಜೈನರು, ಸಿಖ್ಖರೂ ಒಳಗೆ ಬರುತ್ತಾರೆ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಬೇರೆ ಕಾನೂನು. ಅದೇ ಕಲಮಿನ ಎರಡನೇ ಉಪಕಲಮು ಪರಿಶಿಷ್ಟ ಪಂಗಡಗಳನ್ನು ಹೊರಗಿಡುತ್ತದೆ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಮಾತ್ರ ಅವರಿಗೆ ಅನ್ವಯ.

ನಮ್ಮ ಕಡೆ ಪರಿಶಿಷ್ಟ ಪಂಗಡಕ್ಕೆ ಸೇರಿದ ವಾಲ್ಮೀಕಿ ನಾಯಕರು ಎಷ್ಟು ಜನ ಇದ್ದಾರೆ ಯೋಚಿಸಿ. ರಾಯಚೂರು, ಬಳ್ಳಾರಿ ಎರಡೂ ಲೋಕಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. "2005ರಿಂದ ಎಲ್ಲ ಹೆಣ್ಣುಮಕ್ಕಳಿಗೂ ಸಮಪಾಲು" ಎಂದು ನಾವು ಬರೆಯುವಾಗ ಪಕ್ಕದ ಬೆಂಚಿನಲ್ಲಿ ಕೂತ ನಾಯಕರ ಹುಡುಗಿಗೆ ಆ ಸಾಲು ನೇರವಾಗಿ ಅನ್ವಯಿಸುವುದಿಲ್ಲ! ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಕಮಲಾ ನೇತಿ ಪ್ರಕರಣದಲ್ಲಿ ಈ ಕಲಮನ್ನು ತಿದ್ದುವ ಬಗ್ಗೆ ಯೋಚಿಸಿ ಎಂದು ಕೇಂದ್ರಕ್ಕೆ ಹೇಳಿತು. 2025ರ ಜುಲೈನಲ್ಲಿ ರಾಮ್ ಚರಣ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಯಿತು. ಹೆಣ್ಣಿಗೆ ಪಾಲಿಲ್ಲ ಎಂಬ ರೂಢಿಯನ್ನು ಸಾಬೀತು ಮಾಡದೆ ಬುಡಕಟ್ಟು ಹೆಣ್ಣುಮಗಳ ವಾರಸುದಾರರಿಗೆ ಪಾಲು ತಪ್ಪಿಸುವಂತಿಲ್ಲ, ಅದು 14ನೇ ವಿಧಿಗೆ ವಿರುದ್ಧ ಎಂದಿತು. ದಾರಿ ತೆರೆದಿದೆ, ಆದರೆ ಒಬ್ಬೊಬ್ಬರೇ ಕೋರ್ಟಿಗೆ ಹೋಗಿ ನಡೆಯಬೇಕಾದ ದಾರಿ. ಸಂಸತ್ತು ಒಂದು ತಿದ್ದುಪಡಿ ಮಾಡಿದರೆ ಎಲ್ಲರದೂ ಒಂದೇ ಸಲಕ್ಕೆ ಮುಗಿಯುತ್ತದೆ.

ಬಾಲ್ಯವಿವಾಹ: ಹೆಜ್ಜೆ ಕಚೇರಿಯ ಕಡೆ ಸರಿದದ್ದು

ಇಲ್ಲಿ ಕರ್ನಾಟಕ ಮಾಡಿದ ಕೆಲಸ ನಿಜಕ್ಕೂ ಮೆಚ್ಚುವಂಥದ್ದು. ಯಾಕೆ ಎಂದು ತಿಳಿಯಬೇಕಾದರೆ ಎರಡು ಪದ ಬೇಕು. ಒಂದು "ಅನೂರ್ಜಿತಗೊಳಿಸಬಹುದಾದ ಮದುವೆ", ಅಂದರೆ ಕೋರ್ಟು ರದ್ದು ಮಾಡುವವರೆಗೆ ಕಾನೂನಿನಲ್ಲಿ ನಿಲ್ಲುವಂಥದ್ದು. ಇನ್ನೊಂದು "ಮೊದಲಿನಿಂದಲೇ ಅನೂರ್ಜಿತ ಮದುವೆ", ಅಂದರೆ ಕಾನೂನಿನಲ್ಲಿ ಮದುವೆಯೇ ಅಲ್ಲದ್ದು.

1929ರ ಶಾರದಾ ಕಾಯ್ದೆಯ ಜಾಗಕ್ಕೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಬಂತು, 2007ರ ನವೆಂಬರ್ 1ರಿಂದ ಜಾರಿ. ಹುಡುಗಿಗೆ 18, ಹುಡುಗನಿಗೆ 21. ಮದುವೆ ಮಾಡಿಸಿದವರಿಗೆ, ಮಾಡಲು ಬಿಟ್ಟ ಪೋಷಕರಿಗೆ, ಮದುವೆಯಾದ ವಯಸ್ಕ ಗಂಡಿಗೆ ಎರಡು ವರ್ಷದವರೆಗೆ ಕಠಿಣ ಜೈಲು, ಒಂದು ಲಕ್ಷದವರೆಗೆ ದಂಡ. ಕೇಳಲು ಗಟ್ಟಿಯಾಗಿದೆ. ಆದರೆ ಮದುವೆ ಮುಗಿದುಹೋದರೆ ಕೇಂದ್ರದ ಕಾಯ್ದೆಯಲ್ಲಿ ಅದು ಸಾಮಾನ್ಯವಾಗಿ ಊರ್ಜಿತವೇ. ರದ್ದಾಗಬೇಕೆಂದರೆ ಆ ಹುಡುಗಿ ಕೋರ್ಟಿಗೆ ಹೋಗಬೇಕು, ಪ್ರಾಪ್ತ ವಯಸ್ಸಿಗೆ ಬಂದ ಎರಡು ವರ್ಷದೊಳಗೆ. ಹದಿನೈದಕ್ಕೆ ಮದುವೆಯಾಗಿ, ಹದಿನೇಳಕ್ಕೆ ಬಾಣಂತಿಯಾಗಿ, ಗಂಡನ ಮನೆಯಲ್ಲಿ ಕೂತ ಹುಡುಗಿ ಇಪ್ಪತ್ತು ತುಂಬುವುದರೊಳಗೆ ವಕೀಲರನ್ನು ಹುಡುಕಿಕೊಂಡು ಕೋರ್ಟಿಗೆ ಬರುತ್ತಾಳಾ? ಮೊದಲ ಹೆಜ್ಜೆಯನ್ನು ಇಡಲಾಗದವಳ ಮೇಲೆ ಹೊರಿಸಿದರೆ ಹೀಗಾಗುತ್ತದೆ.

ಹೈಕೋರ್ಟಿನ ಆದೇಶದ ಮೇರೆಗೆ ರಾಜ್ಯ ಸರ್ಕಾರ ನ್ಯಾಯಮೂರ್ತಿ ಶಿವರಾಜ ಪಾಟೀಲರ ನೇತೃತ್ವದಲ್ಲಿ ಒಂದು ಸಮಿತಿ ಮಾಡಿತು. ಪಾಟೀಲರು ರಾಯಚೂರು ಜಿಲ್ಲೆಯವರು, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು. ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಮುಂದೆ 2016ರ ಕರ್ನಾಟಕ ತಿದ್ದುಪಡಿ ಬಂತು, 2017ರಲ್ಲಿ ಜಾರಿಯಾಯಿತು. ಅದರ ನಂತರ ರಾಜ್ಯದಲ್ಲಿ ನಡೆದ ಪ್ರತಿ ಬಾಲ್ಯವಿವಾಹವೂ ಮೊದಲಿನಿಂದಲೇ ಅನೂರ್ಜಿತ. ಹುಡುಗಿ ಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕಾಗಿಲ್ಲ. 2017ರ ಅಕ್ಟೋಬರಿನಲ್ಲಿ ಇಂಡಿಪೆಂಡೆಂಟ್ ಥಾಟ್ ಪ್ರಕರಣದ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಈ ತಿದ್ದುಪಡಿಯನ್ನು ಮೆಚ್ಚಿ, ಬೇರೆ ರಾಜ್ಯಗಳೂ ಹೀಗೆ ಮಾಡಲಿ ಎಂದಿತು. ಅದೇ ತೀರ್ಪು ಇನ್ನೊಂದು ದೊಡ್ಡ ತಾರತಮ್ಯ ತೆಗೆಯಿತು: ಹೆಂಡತಿ 18ರ ಒಳಗಿದ್ದರೆ ಗಂಡನೊಂದಿಗಿನ ಲೈಂಗಿಕ ಸಂಬಂಧವೂ ಅತ್ಯಾಚಾರವೇ.

ತಡೆಯುವ ಹೊಣೆ ಬಾಲ್ಯವಿವಾಹ ನಿಷೇಧಾಧಿಕಾರಿಗಳದು. ಕರ್ನಾಟಕದಲ್ಲಿ ತಹಶೀಲ್ದಾರ್, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಪಿಡಿಒ ಮುಂತಾಗಿ ಹಲವರಿಗೆ ಈ ಅಧಿಕಾರ ಕೊಟ್ಟಿದ್ದಾರೆ. ಪಿಡಿಒ ಪರೀಕ್ಷೆಗೆ ಓದುವವರೇ, ಇದು ನಾಳೆ ನಿಮ್ಮ ಕೆಲಸ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು. ಮ್ಯಾಜಿಸ್ಟ್ರೇಟರು ತಡೆಯಾಜ್ಞೆ ಕೊಡಬಹುದು, ಕೋರ್ಟು ತಾನಾಗಿಯೇ ಕೈಗೆತ್ತಿಕೊಳ್ಳಲೂಬಹುದು. 13ನೇ ಕಲಮಿನಲ್ಲಿ ಅಕ್ಷಯ ತೃತೀಯದ ಹೆಸರು ಇದೆ ಎಂಬುದು ಗಮನಿಸಬೇಕಾದ ಮಾತು. ಅಂಥ ದಿನಗಳಲ್ಲಿ ಸಾಮೂಹಿಕ ಬಾಲ್ಯವಿವಾಹ ತಡೆಯಲು ಜಿಲ್ಲಾ ಮ್ಯಾಜಿಸ್ಟ್ರೇಟರೇ ನಿಷೇಧಾಧಿಕಾರಿ. ನಮಗೆ ಅದೇ ದಿನ ಬಸವ ಜಯಂತಿ. ಅಕ್ಕಮಹಾದೇವಿಗೆ ಅನುಭವ ಮಂಟಪದಲ್ಲಿ ಜಾಗ ಕೊಟ್ಟ ಪರಂಪರೆಯ ಹಬ್ಬದ ದಿನ ಹದಿನಾಲ್ಕರ ಹುಡುಗಿಗೆ ಬಾಸಿಂಗ ಕಟ್ಟುವುದು ಎಷ್ಟು ನೋವಿನ ಮಾತು!

ತೊಂದರೆ ಪೂರ್ತಿ ಮುಗಿದಿಲ್ಲ. ಕೇಸು ಬೀಳುತ್ತದೆಂಬ ಭಯಕ್ಕೆ ಮದುವೆಯನ್ನು ರಾತ್ರಿ ಮನೆಯೊಳಗೆ, ಇಲ್ಲವೇ ಬೇರೆ ಜಿಲ್ಲೆಯ ದೇವಸ್ಥಾನದಲ್ಲಿ ಮುಗಿಸಿಬಿಡುತ್ತಾರೆ. ಬಸಿರಾದ ಹುಡುಗಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಹಿಂಜರಿಯುತ್ತಾರೆ. ಇನ್ನೊಂದು ಕಡೆ, ಊರಲ್ಲಿ ಹೈಸ್ಕೂಲ್ ಇಲ್ಲ, ಇದ್ದ ಊರಿಗೆ ಬಸ್ಸಿಲ್ಲ, ಅಪ್ಪ ಅಮ್ಮ ಗುಳೆ ಹೋಗಬೇಕು, ಬೆಳೆದ ಹುಡುಗಿಯನ್ನು ಎಲ್ಲಿ ಬಿಡುವುದು? ಮದುವೆಯೇ ಅವರಿಗೆ ಕಾಣುವ ಭದ್ರತೆ. ಹಾಸ್ಟೆಲ್ ಸೀಟು, ಬಸ್ಸು ಕೂಡ ಬಾಲ್ಯವಿವಾಹ ತಡೆಯ ಭಾಗ ಎಂದು ಉತ್ತರದಲ್ಲಿ ಸೇರಿಸಿ. ಹೆಣ್ಣಿಗೂ 21 ಮಾಡುವ ಮಸೂದೆ 2021ರಲ್ಲಿ ಲೋಕಸಭೆಗೆ ಬಂದಿತ್ತು, ಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ಮದುವೆಯ ವಯಸ್ಸಿನಲ್ಲಿ ಗಂಡಿಗೆ ಮೂರು ವರ್ಷ ಜಾಸ್ತಿ ಇರುವುದೇ ಅಸಮಾನತೆ ಅಲ್ವಾ ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಮುತ್ತು ಕಟ್ಟುವುದು

ಹುಡುಗಿಗೆ ಮುತ್ತು ಕಟ್ಟಿ ದೇವರ ಹೆಸರಿಗೆ ಬಿಡುವ ದೇವದಾಸಿ ಪದ್ಧತಿ ನಮ್ಮ ಮೂರು ಜಿಲ್ಲೆಗಳ ಗಾಯ. ಬಳ್ಳಾರಿ ಮದ್ರಾಸಿನಲ್ಲಿದ್ದಾಗ 1947ರ ಮದ್ರಾಸ್ ಕಾಯ್ದೆ ಇತ್ತು. ಇಡೀ ರಾಜ್ಯಕ್ಕೆ ಬಂದದ್ದು 1982ರ ಕಾಯ್ದೆ. ಸಮರ್ಪಣೆ ಅಪರಾಧವಾಯಿತು, ತಂದೆ ತಾಯಿ, ಬಂಧುಗಳೇ ಮಾಡಿದರೆ ಶಿಕ್ಷೆ ಇನ್ನೂ ಹೆಚ್ಚು. ಮುತ್ತು ಕಟ್ಟಿಸಿಕೊಂಡವಳು ಮದುವೆಯಾದರೆ ಆ ಮದುವೆ ಊರ್ಜಿತ ಎಂದೂ ಬರೆದರು.

ಮೊದಲ ಹೆಜ್ಜೆ ಯಾರದು ಎಂದು ಕೇಳಿದರೆ ಕಾಯ್ದೆಯ ಬಲಹೀನತೆ ಕಾಣುತ್ತದೆ. ದೂರು ಕೊಡಬೇಕಾದವರು ಬಡ ದಲಿತ ಮನೆಯ ಹುಡುಗಿ, ಆರೋಪಿಗಳು ಅವಳದೇ ಮನೆಯವರು. ಅವಳಿಂದ ಸುಖ ಪಡೆದ ಊರ ಗಂಡಸಿನ ಹೆಸರು ಎಲ್ಲೂ ಬರುವುದಿಲ್ಲ. ಮಕ್ಕಳು ಶಾಲೆಯ ಅರ್ಜಿಯಿಂದ ಹಿಡಿದು ಜಾತಿ ಪ್ರಮಾಣಪತ್ರದವರೆಗೆ ತಂದೆಯ ಹೆಸರಿನ ಕಾಲಮ್ಮಿನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಮಾಜಿ ದೇವದಾಸಿಯರ ಸಂಘಟನೆಗಳು, ಅವರ ಮಕ್ಕಳು ಈ ವಿಚಾರ ಹಿಡಿದು ವರ್ಷಗಟ್ಟಲೆ ಹೋರಾಡಿದ್ದರಿಂದಲೇ 2025ರಲ್ಲಿ ರಾಜ್ಯ ವಿಧಾನಮಂಡಲ ಪುನರ್ವಸತಿಯನ್ನೂ ಸೇರಿಸಿದ ಹೊಸ ಮಸೂದೆಯನ್ನು ಒಪ್ಪಿತು. ಪಟ್ಟಿಯಲ್ಲಿ 1982 ಎಂದು ಬರೆದು ನಿಲ್ಲಿಸಬೇಡಿ.

ಇದರ ಪಕ್ಕದಲ್ಲೇ ಗಂಡಾಗಿ ಹುಟ್ಟಿ, ದೇವಿಗೆ ಮುಡಿಪಾಗಿ ಹೆಣ್ಣಾಗಿ ಬದುಕುವ ಜೋಗತಿಯರ ವಿಷಯ ಬರೆದುಕೊಳ್ಳಿ. ಲಿಂಗ ಸಮಾನತೆ ಎಂದರೆ ಹೆಣ್ಣು, ಗಂಡು ಎರಡೇ ಅಲ್ಲ. 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಲಿಂಗತ್ವ ಅಲ್ಪಸಂಖ್ಯಾತರ ಗುರುತನ್ನು ಒಪ್ಪಿತು. 2019ರಲ್ಲಿ ಕೇಂದ್ರ ಕಾಯ್ದೆ ಬಂತು. 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಅವರಿಗೆ ಶೇ 1 ಮೀಸಲು ಕೊಟ್ಟ ಮೊದಲ ರಾಜ್ಯ ಕರ್ನಾಟಕ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿ ಅಧ್ಯಕ್ಷರಾದರು, ಪದ್ಮಶ್ರೀ ಪಡೆದರು.

ಪಂಚಾಯಿತಿ: ಕುರ್ಚಿ ತಾನಾಗಿ ಬಂದಾಗ

ಮೀಸಲಾತಿಯಲ್ಲಿ ಮೊದಲ ಹೆಜ್ಜೆ ಪೂರ್ತಿ ಕಾನೂನಿನದೇ. ಸ್ಥಾನ ಮಹಿಳೆಗೆ ಮೀಸಲಾದರೆ ಗಂಡಸು ನಾಮಪತ್ರ ಹಾಕುವಂತೆಯೇ ಇಲ್ಲ. ಕರ್ನಾಟಕದ 1983ರ ಕಾಯ್ದೆ ಶೇ 25 ಕೊಟ್ಟಿತ್ತು, 1987ರಲ್ಲಿ ಅದರಂತೆ ಚುನಾವಣೆ ನಡೆಯಿತು. ದೇಶಕ್ಕೆಲ್ಲ ಮೂರನೇ ಒಂದು ಭಾಗ ಬಂದದ್ದು 73ನೇ ತಿದ್ದುಪಡಿಯಿಂದ, 1993ರ ಏಪ್ರಿಲ್ 24ರಂದು. 243ಡಿ ವಿಧಿ. 2010ರ ತಿದ್ದುಪಡಿಯಿಂದ ನಮ್ಮಲ್ಲಿ ಶೇ 50.

ಹಾಗಿದ್ದರೆ ಸಮಾನತೆ ಬಂತಾ? ಸಂಖ್ಯೆಯಲ್ಲಿ ಬಂತು. ಆದರೆ ಮೇಡಂ ಸಹಿ ಹಾಕುವುದು, ಅವರ ಗಂಡ ಸಭೆ ನಡೆಸುವುದು ನಾವೆಲ್ಲ ನೋಡಿದ್ದೇ. ಇಷ್ಟಕ್ಕೇ "ಮೀಸಲಾತಿ ದಂಡ" ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮೊದಲ ಅವಧಿಯಲ್ಲಿ ಸೆರಗು ಬಾಯಿಗೆ ಇಟ್ಟುಕೊಂಡು ಕೂತವರು ಎರಡನೇ ವರ್ಷಕ್ಕೆ ನೀರಿನ ಪೈಪಿಗೆ ಜಗಳ ತೆಗೆಯುವುದನ್ನೂ ನೋಡಿದ್ದೇವೆ. ನಿಜವಾದ ತೊಡಕು ಸರದಿಯಲ್ಲಿದೆ. ಕೆಲಸ ಕಲಿತು ಗಟ್ಟಿಯಾಗುವ ಹೊತ್ತಿಗೆ ವಾರ್ಡಿನ ಮೀಸಲು ಬದಲಾಗುತ್ತದೆ, ಸಾಮಾನ್ಯ ವಾರ್ಡಿನಲ್ಲಿ ಅವಳಿಗೆ ಯಾರೂ ನಿಲ್ಲು ಎನ್ನುವುದಿಲ್ಲ.

2023ರ 106ನೇ ತಿದ್ದುಪಡಿ ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಕೊಡುತ್ತದೆ. ಆದರೆ ಕಾಯ್ದೆ ಬಂದ ಮೇಲಿನ ಮೊದಲ ಜನಗಣತಿ, ಅದರ ಮೇಲೆ ಕ್ಷೇತ್ರ ಮರುವಿಂಗಡಣೆ, ಆಮೇಲೆ ಜಾರಿ ಎಂಬ ಷರತ್ತು ಹಾಕಿಯೇ ಅದು ಅಂಗೀಕಾರವಾಯಿತು. ಪಂಚಾಯಿತಿಯಲ್ಲಿ ತಕ್ಷಣ ಆದದ್ದು ವಿಧಾನಸೌಧಕ್ಕೆ ಬರುವಾಗ ಇಷ್ಟು ಷರತ್ತು ಯಾಕೆ ಎಂದು ಉತ್ತರದಲ್ಲಿ ಕೇಳಬಹುದು.

ಮನೆ, ಕೂಲಿ, ಕಾರ್ಖಾನೆ

2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, 2006ರ ಅಕ್ಟೋಬರ್ 26ರಿಂದ ಜಾರಿ. ಮುಖ್ಯ ಅಂಶ ಇದು: ಇದರಲ್ಲಿ ಕೇಳುವುದು ರಕ್ಷಣೆ, ವಾಸದ ಹಕ್ಕು, ಹಣ, ಮಕ್ಕಳ ಸುಪರ್ದಿ. ಗಂಡನನ್ನು ಜೈಲಿಗೆ ಹಾಕುವುದು ಮೊದಲ ಗುರಿ ಅಲ್ಲ. ಆದೇಶ ಮುರಿದರೆ ಮಾತ್ರ ಶಿಕ್ಷೆ. ಬೈಗುಳ, ಹಣ ತಡೆಹಿಡಿಯುವುದೂ ದೌರ್ಜನ್ಯವೇ. 2020ರ ಅಹುಜಾ ತೀರ್ಪಿನ ನಂತರ ಅತ್ತೆ ಮಾವನ ಹೆಸರಿನ ಮನೆಯಲ್ಲೂ ಅವಳು ವಾಸದ ಹಕ್ಕು ಕೇಳಬಹುದು. ಅವಳೇ ಬರಬೇಕೆಂದಿಲ್ಲ, ವಿಷಯ ಗೊತ್ತಿರುವ ಯಾರಾದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಪಕ್ಕದ ಮನೆಯವರು "ಅವರ ಮನೆ ಜಗಳ ನಮಗ್ಯಾಕೆ" ಎನ್ನುವ ಊರಿನಲ್ಲಿ ಈ ಕಲಮು ಬಹಳ ಬೆಲೆಯದು. ಮಹಿಳಾ ಸಹಾಯವಾಣಿ 181, ತುರ್ತು ಕರೆಯ 112, ನೊಂದ ಮಹಿಳೆಯರಿಗೆ ನೆರವು ಕೊಡುವ ಸಖಿ ಕೇಂದ್ರ ಇವು ಬಾಯಲ್ಲಿರಲಿ.

ಕೂಲಿಯ ವಿಷಯ ಚಿಕ್ಕದಾಗಿ. 1976ರ ಸಮಾನ ವೇತನ ಕಾಯ್ದೆ ಈಗ 2019ರ ವೇತನ ಸಂಹಿತೆಯೊಳಗೆ ಸೇರಿದೆ, ಅದು 2025ರ ನವೆಂಬರ್ 21ರಿಂದ ಜಾರಿ. "ಒಂದೇ ಬಗೆಯ ಕೆಲಸಕ್ಕೆ" ಎಂಬ ಮಾತಿನಲ್ಲೇ ತೂತಿದೆ. ಗಂಡಾಳಿಗೆ ಔಷಧ ಹೊಡೆಯುವುದು, ಹೆಣ್ಣಾಳಿಗೆ ಕಳೆ ತೆಗೆಯುವುದು, ಹತ್ತಿ ಬಿಡಿಸುವುದು ಎಂದು ಕೆಲಸವನ್ನೇ ಬೇರೆ ಮಾಡಿಟ್ಟರೆ ಕೂಲಿಯೂ ಬೇರೆ, ಕಾನೂನು ಮುಟ್ಟುವುದಿಲ್ಲ. ಹೊಲದ ಮಾಲೀಕರ ಮೇಲೆ ಯಾರು ಕೇಸು ಹಾಕುತ್ತಾರೆ? 2005ರ ಉದ್ಯೋಗ ಖಾತ್ರಿ ಕಾಯ್ದೆ ಬಂದಾಗ ಆದದ್ದು ಬೇರೆ. ಸರ್ಕಾರವೇ ಗಂಡು ಹೆಣ್ಣಿಗೆ ಒಂದೇ ದರ ಹಾಕಿ, ದುಡ್ಡನ್ನು ಅವಳ ಖಾತೆಗೇ ಹಾಕಿತು. ಯಾರೂ ಕೇಳಿಕೊಳ್ಳಬೇಕಾಗಲಿಲ್ಲ.

2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಬೇರು 1997ರ ವಿಶಾಖಾ ತೀರ್ಪಿನಲ್ಲಿದೆ. ಆ ಪ್ರಕರಣದ ಹಿಂದಿದ್ದವರು ರಾಜಸ್ಥಾನದ ಭಂವರಿ ದೇವಿ, ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ ದೌರ್ಜನ್ಯಕ್ಕೆ ಒಳಗಾದವರು. ಹತ್ತು ಅಥವಾ ಹೆಚ್ಚು ನೌಕರರಿದ್ದರೆ ಆಂತರಿಕ ಸಮಿತಿ ಕಡ್ಡಾಯ. ಬಳ್ಳಾರಿಯ ಸಣ್ಣ ಜೀನ್ಸ್ ಹೊಲಿಗೆ ಶೆಡ್ಡುಗಳಲ್ಲಿ, ಮನೆಕೆಲಸದಲ್ಲಿ ಅಷ್ಟು ಜನ ಇರದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು. ಮೂರು ತಿಂಗಳೊಳಗೆ ಕೊಡಬೇಕು, ತೊಂಬತ್ತು ದಿನದಲ್ಲಿ ವಿಚಾರಣೆ ಮುಗಿಯಬೇಕು. ಹೆರಿಗೆ ರಜೆ 2017ರಿಂದ 26 ವಾರ, ಆದರೆ ನಾಟಿ ಹಚ್ಚುವ ಕೂಲಿ ಹೆಂಗಸಿಗೆ ಆ ರಜೆಯ ಕಾನೂನಿನಲ್ಲಿ ಏನೂ ಇಲ್ಲ.

ಯೋಜನೆಗಳು

ಶಕ್ತಿ ಯೋಜನೆ 2023ರ ಜೂನ್ 11ರಂದು, ಗೃಹಲಕ್ಷ್ಮಿ ಅದೇ ವರ್ಷದ ಆಗಸ್ಟ್ 30ರಂದು ಶುರುವಾದವು. ಇವನ್ನು ಹೊಗಳಿ ಅಥವಾ ತೆಗಳಿ ಬರೆಯಬೇಡಿ, ನಮ್ಮ ಪ್ರಶ್ನೆಯನ್ನೇ ಹಾಕಿ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಹತ್ತಲು ಹುಡುಗಿ ಅಪ್ಪನ ಹತ್ತಿರ ದುಡ್ಡು ಕೇಳಬೇಕಾಗಿಲ್ಲ. ಕುಕನೂರಿನಿಂದ ಕೊಪ್ಪಳದ ಕಾಲೇಜಿಗೆ ಬರುವವಳಿಗೆ ಇದು ಸಣ್ಣ ಮಾತಲ್ಲ. ಗೃಹಲಕ್ಷ್ಮಿಯ ತಿಂಗಳ 2000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರುತ್ತದೆ. ಒಂದು ಕೊರತೆ: ಇವು ಸರ್ಕಾರದ ಆದೇಶದಿಂದ ಬಂದವು, ಆದೇಶದಿಂದಲೇ ನಿಲ್ಲಬಹುದು. ಪಿತ್ರಾರ್ಜಿತ ಆಸ್ತಿಯ ಪಾಲು ಹಾಗಲ್ಲ, ಅದು ಕಾಯ್ದೆಯ ಹಕ್ಕು. ಕೈಗೆ ಬೇಗ ಸಿಕ್ಕದ್ದು ಗಟ್ಟಿಯಲ್ಲ, ಗಟ್ಟಿಯಾದದ್ದು ಕೈಗೆ ಸಿಗುತ್ತಿಲ್ಲ. ನೀತಿ ಮತ್ತು ಕಾನೂನಿನ ವ್ಯತ್ಯಾಸ ಕೇಳಿದರೆ ಈ ಜೋಡಿಯನ್ನೇ ಉದಾಹರಣೆ ಕೊಡಿ.

ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರ 12ನೇ ಕಲಮಿನ ಪ್ರಕಾರ ಮಹಿಳೆಗೆ ಉಚಿತ ವಕೀಲರ ನೆರವು ಸಿಗುತ್ತದೆ. ಅವಳ ಆದಾಯ ಎಷ್ಟೇ ಇರಲಿ, ಮಿತಿ ಇಲ್ಲ. ಜಿಲ್ಲಾ ನ್ಯಾಯಾಲಯದಲ್ಲಿ ಪ್ರಾಧಿಕಾರ, ತಾಲ್ಲೂಕು ಕೋರ್ಟಿನಲ್ಲಿ ಸಮಿತಿ, ಫೋನ್ 15100. ಇದನ್ನು ಪರೀಕ್ಷೆಗೆ ಮಾತ್ರ ಓದಬೇಡಿ, ಮನೆಯಲ್ಲಿ ಅವ್ವನಿಗೆ, ಅಕ್ಕನಿಗೆ ಹೇಳಿ.

ಬರೆದು ನೋಡಲು

ವಿನೀತಾ ಶರ್ಮಾ ತೀರ್ಪಿನ ನಂತರವೂ ಹಕ್ಕು ಬಿಡುಗಡೆ ಪತ್ರಗಳು ಏಕೆ ನಿಂತಿಲ್ಲ? 2005ರ ತಿದ್ದುಪಡಿ ಮತ್ತು 2016ರ ಕರ್ನಾಟಕ ಬಾಲ್ಯವಿವಾಹ ತಿದ್ದುಪಡಿಗಳನ್ನು, ಮೊದಲ ಹೆಜ್ಜೆ ಯಾರದು ಎಂಬ ದೃಷ್ಟಿಯಿಂದ ಹೋಲಿಸಿ. ನಾಯಕ ಸಮುದಾಯದ ಮಗಳೊಬ್ಬಳು ಪಾಲು ಕೇಳಿದರೆ ನಾಡಕಚೇರಿಯಲ್ಲಿ ನೀವು ಏನು ಉತ್ತರ ಕೊಡುತ್ತೀರಿ? ಈ ಮೂರನೆಯದನ್ನು ಎಲ್ಲರೂ ಒಂದು ಪುಟ ಬರೆದು ತನ್ನಿ, ಒಟ್ಟಿಗೆ ಕೂತು ತಿದ್ದೋಣ.